ಊಟದ ಕಾಸಿನ ಡ್ರೈವರುಗಳು

ಹೋದ ತಿಂಗಳು ಅಣ್ಣನ ಮೊಮ್ಮಗ ಊಟಕ್ಕೆ ಬಂದಿದ್ದ. ವಿಮಾನ ಓಡಿಸುವುದನ್ನು ಕಲಿತು ಪಾಸಾಗಿದ್ದಾನೆ. ಸಣ್ಣ ಊರುಗಳಿಗೆ ಹಾರುವ ಕಂಪನಿಯೊಂದು ಅವನನ್ನು ಕರೆದಿದೆಯಂತೆ. ಸಂಬಳ ಎಷ್ಟು ಅಂತ ಕೇಳಿದೆ.

"ಸಂಬಳದ ಮಾತು ಈಗ ಬೇಡ ಅಜ್ಜಿ. ಮೊದಲು ಹಾರಿದ ಗಂಟೆಗಳು ಸೇರಬೇಕು. ಆಮೇಲೆ ದೊಡ್ಡ ಕಂಪನಿಗೆ ಹೋಗೋದು."

"ನಿನ್ನಂಥ ಹೊಸಬರು ಕಮ್ಮಿಗೆ ಬಂದ್ರೆ ಅಲ್ಲಿರೋ ಹಳಬರ ಸಂಬಳ ಏನಾಗತ್ತೆ?"

"ಅದಕ್ಕೂ ಇದಕ್ಕೂ ಏನಜ್ಜಿ ಸಂಬಂಧ?" ಅಂದ.

ಬಾಯಿಗೆ ಹೋಗುತ್ತಿದ್ದ ತುತ್ತನ್ನು ತಟ್ಟೆಗೇ ಇಳಿಸಿದೆ. ಈ ಮಾತನ್ನು ನಾನು ಮೊದಲು ಕೇಳಿದ್ದು ಗಡಿಯಾಚೆ ತಮಿಳುನಾಡಿನ ಹೊಸೂರಿನ ಒಂದು ಬಸ್ ಆಫೀಸಿನಲ್ಲಿ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಅಲ್ಲಿ ಟೈಪಿಸ್ಟಾಗಿದ್ದೆ.

ಮೂರು ಬಸ್ಸುಗಳ ಸಣ್ಣ ಕಂಪನಿ ಅದು. ಹೊಸೂರಿನಿಂದ ಉದ್ದನಪಲ್ಲಿ ಮೇಲೆ ರಾಯಕೋಟೆಗೆ ಓಡುತ್ತಿದ್ದವು. ನಮ್ಮಪ್ಪ ಸ್ಕೂಲ್ ಮೇಷ್ಟ್ರು. ಕಂಪನಿಯ ಯಜಮಾನರನ್ನು ಎಲ್ಲರೂ ಮೊದಲಾಳಿ ಅನ್ನುತ್ತಿದ್ದರು; ಅವರ ಮಕ್ಕಳಿಗೆ ಪಾಠ ಹೇಳಿದ್ದ ಸಲುಗೆಯಿಂದ ಹೋಗಿ ನನಗೊಂದು ಕೆಲಸ ಕೇಳಿದರು. ಮೊದಲಾಳಿ, "ಮೊದಲು ಕೆಲಸ ಕಲೀಲಿ ಮೇಷ್ಟ್ರೇ, ಸಂಬಳ ಆಮೇಲೆ ನೋಡೋಣ. ಬಸ್ಸಿಗೆ ಟಿಕೆಟ್ ಕೇಳಲ್ಲ" ಅಂದರು. ನಮಗೆ ಅದು ದೊಡ್ಡ ಉಪಕಾರದಂತೆ ಕಂಡಿತು. ಮೊದಲ ದಿನ ಮೇಜಿನ ಡ್ರಾಯರ್ ಎಳೆದಾಗ ಒಳಗೆ ಯಾರದೋ ಕನ್ನಡಕದ ಡಬ್ಬಿ ಇತ್ತು. ಯಾರದು ಅಂತ ನಾನು ಕೇಳಲಿಲ್ಲ. ಹಿಂದಕ್ಕೆ ತಳ್ಳಿ, ನನ್ನ ಬುತ್ತಿ ಇಟ್ಟುಕೊಂಡೆ.

ನಾನು ಹೆಚ್ಚಾಗಿ ಟೈಪ್ ಮಾಡುತ್ತಿದ್ದದ್ದು ಅನುಭವ ಪತ್ರಗಳನ್ನು. ಸರ್ಕಾರಿ ಬಸ್ಸಿನ ಕೆಲಸಕ್ಕೆ ಅರ್ಜಿ ಹಾಕುವವರಿಗೆ, ಇಂಥ ಕಡೆ ದೊಡ್ಡ ಗಾಡಿ ಓಡಿಸಿದ್ದೇನೆ ಅನ್ನುವ ಕಾಗದ ಬೇಕಿತ್ತು. ಲೈಸೆನ್ಸು ಹೊಸದಾಗಿ ಕೈಗೆ ಬಂದವರೆಲ್ಲ ಆ ಕಾಗದಕ್ಕಾಗಿ ನಮ್ಮಲ್ಲಿಗೆ ಬರುತ್ತಿದ್ದರು. ನಮ್ಮ ಕಂಪನಿಗೆ ಸೇರಲು ಅವರು ಕೊಡಬೇಕಾದ ಅರ್ಜಿಯನ್ನು ಮೊದಲಾಳಿ ತಾವೇ ತಮಿಳಿನಲ್ಲಿ ಹೇಳಿ ನನ್ನ ಕೈಲಿ ಟೈಪ್ ಮಾಡಿಸುತ್ತಿದ್ದರು. ಕೊನೆಯ ಸಾಲು ಎಲ್ಲದರಲ್ಲೂ ಒಂದೇ: ಸಂಬಳ ಬೇಕಿಲ್ಲ, ಓಡಿಸಿದ ದಿನ ಊಟದ ಕಾಸು ಸಾಕು. ಆರು ತಿಂಗಳು ಓಡಿಸಿದವನಿಗೆ ಎರಡು ವರ್ಷ ಅಂತ ಪತ್ರ ಸಿಗುತ್ತಿತ್ತು. ಮೊದಲಾಳಿ ಊರಲ್ಲಿ ಇಲ್ಲದ ದಿನಕ್ಕೆ ಅಂತ ಸಹಿ ಮಾಡಿಟ್ಟ ಖಾಲಿ ಹಾಳೆಗಳು ಡ್ರಾಯರಿನಲ್ಲಿ ಇರುತ್ತಿದ್ದವು. ಮೊಹರು ಒತ್ತುವವಳು ನಾನು.

ಆ ಹೊಸಬರು ಓಡಿಸುವ ಬಸ್ಸಿನಲ್ಲಿ ನಾನು ಕೂತಿದ್ದೇನೆ. ರಾಯಕೋಟೆಗೆ ಮುಂಚಿನ ಇಳಿಜಾರಿನಲ್ಲಿ ಉದ್ದಕ್ಕೂ ಬ್ರೇಕ್ ಮೇಲೇ ಕಾಲಿಟ್ಟು ಇಳಿಸುತ್ತಿದ್ದರು. ಸುಟ್ಟ ವಾಸನೆ ಒಳಗೆಲ್ಲ ತುಂಬುತ್ತಿತ್ತು. ಹೆಂಗಸರು ಸೆರಗು ಮೂಗಿಗೆ ಹಿಡಿಯುತ್ತಿದ್ದರು. ಒಂದು ಸಲ ಒಬ್ಬ ತಿರುವಿನಲ್ಲಿ ಗೇರ್ ಸಿಗದೆ ಕಣ್ಣು ಕೆಳಗೆ ಮಾಡಿ ಗೇರ್ ಕೋಲನ್ನೇ ನೋಡುತ್ತಿದ್ದ. ಮುಂದೆ ಕೂತಿದ್ದ ಮುದುಕಿ, "ಅದನ್ಯಾಕ್ ನೋಡ್ತೀಯೋ ಮಗ, ರೋಡ್ ನೋಡಪ್ಪಾ, ನಾನಿನ್ನೂ ಬಾಳ್‌ಬೇಕು" ಅಂದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಎರಡು ವಾರದ ಮೇಲೆ ಅವನಿಗೂ ಎರಡು ವರ್ಷದ ಪತ್ರ ಟೈಪ್ ಮಾಡಿಕೊಟ್ಟೆ.

ಹಳಬರು ಅಂತ ಉಳಿದಿದ್ದವರು ಒಬ್ಬರೇ, ಉದ್ದನಪಲ್ಲಿಯವರು. ನಾವೆಲ್ಲ ಡ್ರೈವರಣ್ಣ ಅನ್ನುತ್ತಿದ್ದೆವು. ನಾನು ಸ್ಕೂಲಿಗೆ ಹೋಗುತ್ತಿದ್ದಾಗಲೇ ಆ ಬಸ್ ಓಡಿಸುತ್ತಿದ್ದರು. ಅವರಿಗೆ ಓದು ಬರುತ್ತಿರಲಿಲ್ಲ. ಆದರೆ ಎಂಜಿನ್ ಸದ್ದು ಕೇಳಿಯೇ ಯಾವ ಬಸ್ ಬರುತ್ತಿದೆ, ಯಾರು ಓಡಿಸುತ್ತಿದ್ದಾರೆ ಅಂತ ಆಫೀಸಿನ ಒಳಗಿಂದಲೇ ಹೇಳುತ್ತಿದ್ದರು. ತಂಗಿಯ ಮಗನಿಗೆ ತಮ್ಮ ರಜೆಯ ದಿನಗಳಲ್ಲಿ ಆಲಸನತ್ತದ ಬಯಲಿಗೆ ಕರೆದುಕೊಂಡು ಹೋಗಿ ಬಸ್ ಕಲಿಸಿದ್ದರು. ಮದುವೆಯಾದ ಗಂಡಸು ಅಂತಲೂ ನೋಡದೆ ಅವನಿಗೆ, ಕ್ಲಚ್ ಬಿಡುವುದು ಸರಿಯಾಗುವ ತನಕ ಎಲ್ಲರೆದುರೇ ಬೈಯುತ್ತಿದ್ದರು. "ಕಾಲಾ ಅದು, ಒನಕೆನಾ? ಮೆತ್ತಗ್ ಬಿಡ್ಲಾ!" ಅಂತ. ಅವನಿಗೆ ಲೈಸೆನ್ಸ್ ಬಂದ ದಿನ ನಮಗೆಲ್ಲ ಕಾಫಿ ಕೊಡಿಸಿದ್ದರು.

ಡ್ರೈವರಣ್ಣನ ಸಂಬಳ ವರ್ಷಗಳಿಂದ ಏರಿರಲಿಲ್ಲ. ಒಂದು ಬೆಳಿಗ್ಗೆ ಮೊದಲ ಟ್ರಿಪ್ಪು ಮುಗಿಸಿ, ಮುಖ ತೊಳೆದುಕೊಂಡು, ಮೊದಲಾಳಿಯ ಎದುರಿಗೆ ನಿಂತರು. ನನ್ನ ಮೇಜು ನಾಲ್ಕು ಹೆಜ್ಜೆ ಆಚೆ ಇತ್ತು. ಮೊದಲಾಳಿ ಬೇಯಿಸಿದ ಕಡಲೆಕಾಯಿ ಸುಲಿಯುತ್ತಿದ್ದರು.

"ಸಾಮಿ, ಈ ಸಾರಿ ನೋಡಿ ಒಸಿ ಹಾಕ್ಕೊಡ್ಬೇಕು. ಹೊಸಬ್ರು ಬಂದಾಗ್ಲಿಂದ ನನ್ ಸಂಬ್ಳ ಅಲ್ಲೇ ನಿಂತೈತೆ."

"ಹೊಸಬರಿಗೂ ನಿನ್ ಸಂಬಳಕ್ಕೂ ಏನಯ್ಯಾ ಸಂಬಂಧ? ಅವರ ಪಾಡು ಅವರದು, ನಿನ್ ಪಾಡು ನಿಂದು."

"ಸಂಬಂಧ ಇಲ್ದಿದ್ರೆ ಏರ್ಸಿ ಸಾಮಿ ಮತ್ತೆ."

ಮೊದಲಾಳಿ ನಕ್ಕರು. ನನ್ನ ಕಡೆ ತಿರುಗಿ, "ಟೈಪಮ್ಮ, ಆ ಅರ್ಜಿ ಫೈಲ್ ತಗೊಂಬಾ. ಮೇಲಿರೋದನ್ನ ಓದು, ಅಣ್ಣ ಕೇಳಲಿ" ಅಂದರು.

ಮೇಲಿದ್ದದ್ದು ತಂಗಿಯ ಮಗನ ಅರ್ಜಿ. ಎರಡು ದಿನದ ಹಿಂದೆ ನಾನೇ ಟೈಪ್ ಮಾಡಿದ್ದೆ. ಅದರಲ್ಲಿ ಒಂದು ಸಾಲು ಜಾಸ್ತಿ ಇತ್ತು: ಬೆಳಗಿನ ರಾಯಕೋಟೆ ಟ್ರಿಪ್ಪನ್ನೇ ಓಡಿಸಲು ಸಿದ್ಧ. ಅದು ಡ್ರೈವರಣ್ಣನ ಟ್ರಿಪ್ಪು. ಆ ಸಾಲು ಹೇಳಿದ್ದು ಮೊದಲಾಳಿ. ಪಕ್ಕದಲ್ಲಿ ನಿಂತಿದ್ದ ಅವನು ಬೇಡ ಅನ್ನಲಿಲ್ಲ. ಟೈಪ್ ಮಾಡುವಾಗ ನಾನೂ ಅನ್ನಲಿಲ್ಲ.

ನಾನು ಓದಿದೆ. ಹೆಸರು, ತಂದೆಯ ಹೆಸರು, ಊರು. ಮೊದಲಾಳಿ ಕಡಲೆಕಾಯಿ ಸಿಪ್ಪೆಯನ್ನು ಫೈಲಿನ ಮೇಲೇ ಹಾಕುತ್ತಿದ್ದರು. ಒದ್ದೆ ಸಿಪ್ಪೆಯನ್ನು ಬೆರಳಿಂದ ಸರಿಸಿ ಮುಂದಿನ ಸಾಲು ಓದಬೇಕಾಯಿತು. "ಸಂಬಳಂ ತೇವೈಯಿಲ್ಲೈ", ಸಂಬಳ ಬೇಕಿಲ್ಲ, ಅಂತ ನನ್ನ ಬಾಯಿಂದ ಬಂದಾಗ ಡ್ರೈವರಣ್ಣ ತಮಿಳು ಗೊತ್ತಿಲ್ಲದವರ ಹಾಗೆ ನನ್ನನ್ನೇ ನೋಡಿದರು. ಅವರಿಗೆ ತಮಿಳು ಚೆನ್ನಾಗಿ ಗೊತ್ತಿತ್ತು.

"ಇನ್ನೊಂದು ಸಾರಿ ಓದವ್ವ" ಅಂದರು. ಓದಿದೆ.

"ಈಗ ಹೇಳು. ಏರಿಸ್ಲಾ, ಇಳಿಸ್ಲಾ?" ಅಂದರು ಮೊದಲಾಳಿ. "ನಿಮ್ಮ ಮನೇಲೇ ಮಾತಾಡ್ಕೊಂಡು ಬನ್ನಿ."

ಹೊರಗೆ ತಂಗಿಯ ಮಗ ಬಸ್ಸಿನ ಗಾಜು ಒರೆಸುತ್ತಿದ್ದ. ಡ್ರೈವರಣ್ಣ ನೇರ ಅವನ ಹತ್ತಿರ ಹೋದರು. ಕಿಟಕಿಯಿಂದ ಅವರ ಮಾತು ಕೇಳುತ್ತಿತ್ತು.

"ಕಲ್ಸಿದ್ದು ಇದುಕ್ಕೇನ್ಲಾ?"

"ಮಾವ, ಬರೀ ಆರ್ ತಿಂಗ್ಳು. ಕಾಗ್ದ ಸಿಕ್ಕಿದ್ ತಕ್ಷಣ ಸರ್ಕಾರಿ ಬಸ್‌ಗೆ ಹೋಗ್ಬುಡ್ತೀನಿ. ಆಮೇಲೆ ನಿನ್ ಟ್ರಿಪ್ಪು ನಿಂಗೇ."

"ನೀನ್ ಹೋದ್ರೆ ಇನ್ನೊಬ್ಬ ಬತ್ತಾನೆ ಕಣ್ಲಾ. ಅವ್ನ್ ಹೋದ್ರೆ ಮತ್ತೊಬ್ಬ. ನಿಮ್ಗೆಲ್ಲ ಆರಾರ್ ತಿಂಗ್ಳು. ನಂಗೆ?"

ಅವನು ಗಾಜು ಒರೆಸುತ್ತಲೇ ಇದ್ದ. ಒರೆಸಿದ ಜಾಗವನ್ನೇ ಮತ್ತೆ ಒರೆಸಿದ.

ಅದೇ ವಾರ ಡ್ರೈವರಣ್ಣ ನನ್ನ ಮೇಜಿನ ಹತ್ತಿರ ಬಂದರು. ಮೊದಲಾಳಿ ಕೃಷ್ಣಗಿರಿಗೆ ಹೋಗಿದ್ದರು. ಮೂಕಂಡಪಲ್ಲಿಯ ಒಂದು ಕಾರ್ಖಾನೆಗೆ ಕೆಲಸಗಾರರ ಬಸ್ ಓಡಿಸಲು ಜನ ಬೇಕಂತೆ, ಸಂಬಳ ಒಳ್ಳೆಯದಂತೆ, ಅನುಭವ ಪತ್ರ ಕೇಳಿದ್ದಾರಂತೆ. "ಎಲ್ಲಾರ್ಗೂ ಮಾಡ್‌ಕೊಡ್ತೀಯಲ್ಲ ಟೈಪಮ್ಮ, ನಂಗೂ ಒಂದ್ ಮಾಡ್‌ಕೊಡು. ನಂದ್ರಾಗೆ ಸುಳ್ಳು ಬೇಕಾಗಿಲ್ಲ" ಅಂದರು.

ಮೊದಲಾಳಿ ಬೆಳಿಗ್ಗೆ ಹೊರಡುವಾಗಲೇ ನನಗೆ ಹೇಳಿದ್ದರು: "ಹಳಬ ಬಂದು ಕಾಗದ ಕೇಳಿದ್ರೆ ಕೊಡಬೇಡ. ಕೊಟ್ಟರೆ ಹೊರಟುಹೋಗ್ತಾನೆ. ಹೊಸಬರಿಗೆ ಕಲಿಸೋರು ಯಾರು?"

ನಾನು ಡ್ರಾಯರ್ ಎಳೆದೆ. ಸಹಿ ಮಾಡಿದ ಹಾಳೆಗಳಿದ್ದವು. ಅವುಗಳ ಕೆಳಗೆ ಕೈ ಹಾಕಿ ಸಹಿಯಿಲ್ಲದ ಬಿಳಿ ಹಾಳೆ ತೆಗೆದೆ. ಅದರಲ್ಲಿ ಎಲ್ಲವನ್ನೂ ನಿಜವಾಗಿ ಟೈಪ್ ಮಾಡಿದೆ: ಹತ್ತೊಂಬತ್ತು ವರ್ಷ, ಒಂದೇ ದಾರಿ, ಒಂದೂ ಅಪಘಾತ ಇಲ್ಲ. ಅವರು ನಿಂತೇ ಇದ್ದರು. ಹಾಳೆಯನ್ನು ಕೈಗೆ ಕೊಟ್ಟೆ.

"ಮೊಹರು?"

"ಮೊದಲಾಳಿ ಬಂದ ಮೇಲೆ ಅಣ್ಣಾ."

ಮೊಹರು ನನ್ನ ಮೊಣಕೈ ಪಕ್ಕದಲ್ಲಿತ್ತು. ಅವರು ಅದನ್ನು ನೋಡಿದರು. ಅರೆ ತೆರೆದಿದ್ದ ಡ್ರಾಯರನ್ನೂ ನೋಡಿದರು. ಕನ್ನಡಕದ ಡಬ್ಬಿ ಕಂಡಿತೋ ಏನೋ.

"ನಿನ್ ಮುಂಚೆ ಇಲ್ಲಿ ಕುಂತಿದ್ದ ಗುಮಾಸ್ತರು ಏನಾದ್ರು ಅಂತ ಕೇಳಿದ್ಯಾ ಟೈಪಮ್ಮ?"

ನಾನು ಡ್ರಾಯರನ್ನು ಒಳಕ್ಕೆ ತಳ್ಳಿದೆ.

"ಸಂಬ್ಳ ಬೇಡ ಅನ್ನೋರು ಸಿಕ್ಕಿದ್ರು ಅಂತ ಅವ್ರನ್ನ ಮನೆಗ್ ಕಳ್ಸುದ್ರು" ಅಂದರು. ಬೈದ ಹಾಗೆ ಅನ್ನಲಿಲ್ಲ, ಬಸ್ಸಿನ ಹೊತ್ತು ಹೇಳಿದ ಹಾಗೆ ಅಂದರು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಹೋದರು.

ಡ್ರಾಯರ್ ಮತ್ತೆ ಎಳೆದೆ. ಡಬ್ಬಿಯನ್ನು ತೆಗೆದು ನೋಡಿದೆ. ಒಳಗೆ ಕನ್ನಡಕ ಇರಲಿಲ್ಲ, ಒರೆಸುವ ಬಟ್ಟೆಯ ಚೂರು ಮಾತ್ರ ಇತ್ತು. ಎದ್ದು ಅವರ ಹಿಂದೆ ಓಡಬಹುದಿತ್ತು. ಬಸ್ ಹೊರಡಲು ಇನ್ನೂ ಹೊತ್ತಿತ್ತು. ನಾನು ಎದ್ದಿದ್ದು ಕೈ ತೊಳೆಯಲು. ಮೊಹರಿನ ನೇರಳೆ ಮಸಿ ಉಗುರಿನ ಸಂದಿಯಲ್ಲಿ ಕೂತುಬಿಟ್ಟಿತ್ತು, ಸೋಪಿಗೂ ಹೋಗಲಿಲ್ಲ.

ಸಹಿಯೂ ಮೊಹರೂ ಇಲ್ಲದ ಕಾಗದವನ್ನು ಕಾರ್ಖಾನೆಯವರು ಹಿಂದಕ್ಕೆ ಕೊಟ್ಟರು. ನಾನು ಅದನ್ನು ಟೈಪ್ ಮಾಡಿಕೊಟ್ಟ ಒಂಬತ್ತನೇ ದಿನ ಡ್ರೈವರಣ್ಣ ಮತ್ತೆ ಮೊದಲಾಳಿಯ ಎದುರಿಗೆ ನಿಂತರು. ಬೆಳಗಿನ ಟ್ರಿಪ್ಪು ಅಷ್ಟರಲ್ಲಿ ತಂಗಿಯ ಮಗನದಾಗಿತ್ತು. ಅರ್ಧ ಸಂಬಳಕ್ಕೆ ಒಪ್ಪಿಕೊಂಡು, ಹೊಸಬರ ಪಕ್ಕದಲ್ಲಿ ಎಂಜಿನ್ ಬಾನೆಟ್ ಮೇಲೆ ಕೂತು ಇಳಿಜಾರಿನಲ್ಲಿ ಗೇರ್ ಹೇಳಿಕೊಡುವ ಕೆಲಸ ಅವರಿಗೆ ಸಿಕ್ಕಿತು. ಆ ತಿಂಗಳ ಕೊನೆಗೆ ಮೊದಲಾಳಿ ನನಗೆ ಮೊದಲ ಸಂಬಳ ಕೊಟ್ಟರು. ಹೇಳಿದ ಮಾತು ಕೇಳುವ ಹುಡುಗಿ ಅಂತ ಅಪ್ಪನ ಮುಂದೆ ಹೊಗಳಿದರು. ಅಪ್ಪ ಹಿಗ್ಗಿದರು. ನಾನು ಆ ಸಂಬಳ ತೆಗೆದುಕೊಂಡೆ. ಇನ್ನೂ ಎರಡು ವರ್ಷ ಅಲ್ಲೇ ಇದ್ದೆ.

ಡ್ರೈವರಣ್ಣ ಮತ್ತೆ ನನ್ನನ್ನು ಟೈಪಮ್ಮ ಅನ್ನಲಿಲ್ಲ. ಟ್ರಿಪ್ಪಿನ ಚೀಟಿ ಕೊಡಲು ಬಂದಾಗ ದೂರದಲ್ಲೇ ನಿಂತು "ಮೇಡಂ" ಅನ್ನುತ್ತಿದ್ದರು. ನಾನು ಕೈ ಚಾಚಿ ತೆಗೆದುಕೊಳ್ಳುತ್ತಿದ್ದೆ.