ಅವ್ವ ಹೇಳಿದ ತೊಂಬತ್ತಾರು

ನಾನು ಚಿಕ್ಕವನಿದ್ದಾಗ ಲೋಕಕ್ಕೆಲ್ಲ ಕೊರೊನಾ ಎಂಬ ರೋಗ ಬಂದಿತ್ತು. ನಿಮಗೀಗ ಅದು ಬರೀ ಪಾಠದ ಪುಸ್ತಕದ ಮಾತು. ಅಣ್ಣಿಗೇರಿ ಹತ್ತಿರದ ನಮ್ಮ ಹಳ್ಳಿಗೆ ಅದು ಕಾಲಿಟ್ಟದ್ದು ಬಿರುಬೇಸಿಗೆಯಲ್ಲಿ. ಅಪ್ಪನ ಹಿಟ್ಟಿನ ಗಿರಣಿ ಬಂದ್ ಆಗಿತ್ತು. ಅವ್ವ ಮಾತ್ರ ದಿನವೂ ಕೆಲಸಕ್ಕೆ ಹೋಗುತ್ತಿದ್ದಳು. ಅವಳು ಸರ್ಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದಳು.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ನಮ್ಮೂರಲ್ಲಿ ಆ ಮಾತು ಸುಳ್ಳಾಗಿತ್ತು. ನೆಗಡಿಯಾಗಲಿ, ಚೇಳು ಕಡಿಯಲಿ, ಜನ ಮೊದಲು ಬರುತ್ತಿದ್ದುದು ನಮ್ಮ ಮನೆಯ ಕಟ್ಟೆಗೆ. ಹಾಗಾಗಿ ಅವ್ವನಿಗೇ ಆ ರೋಗ ಹತ್ತಿದಾಗ ಯಾರನ್ನು ಕೇಳಬೇಕೆಂದು ನಮಗೆ ತಿಳಿಯಲಿಲ್ಲ. ಅವಳು ಬೀದಿ ಕಡೆಯ ಕೋಣೆ ಸೇರಿ ಒಳಗಿನಿಂದ ಚಿಲಕ ಹಾಕಿಕೊಂಡಳು. ದವಾಖಾನೆಯವರು ತಮಗೆ ಜ್ವರ ಬಂದರೆ ಸಾಲಿನಲ್ಲಿ ನಿಂತು ಚೀಟಿ ಮಾಡಿಸುತ್ತಿರಲಿಲ್ಲ. ತಮಗೆ ತಾವೇ ಗುಳಿಗೆ ನುಂಗಿ ಸುಮ್ಮನಾಗುತ್ತಿದ್ದರು. ಅವ್ವನೂ ಹಾಗೇ ಮಾಡಿದಳು.

ಹೀಗೆ ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಅಕ್ಕ ಗಂಜಿ ಕಾಸಿ ಬಾಗಿಲ ಮುಂದಿಟ್ಟಳು. ಒಳಗಿನಿಂದ ನೀಲಗಿರಿ ಎಣ್ಣೆಯ ವಾಸನೆ ಬರುತ್ತಿತ್ತು, ನಡುನಡುವೆ ಒಣ ಕೆಮ್ಮು. ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ಕಿಟಕಿಯ ಬಳಿ ಬಂದು, "ಸಿಸ್ಟರ್ರೀ, ಮೊಮ್ಮಗಗ ಜ್ವರ ಬಂದಾವು. ಏನ್ ಕೊಡ್ಲಿ?" ಎಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಅವ್ವ ಏದುಸಿರು ಬಿಡುತ್ತಲೇ, "ಮನ್ಯಾಗ ಇಟ್ಕೊಂಡು ಕೂಡಬ್ಯಾಡ ಯವ್ವಾ, ಲಗೂನ ದವಾಖಾನಿಗೆ ಕರಕೊಂಡು ಹೋಗು" ಎಂದಳು.

ಅಪ್ಪ ಬಾಗಿಲಿಗೆ ಕಿವಿ ಹಚ್ಚಿ, "ಆಕ್ಸಿಜನ್ ಎಷ್ಟೈತಿ?" ಎಂದು ಕೇಳಿದ. ಬೆರಳಿಗೆ ಸಿಕ್ಕಿಸಿಕೊಂಡರೆ ಅದನ್ನು ತೋರಿಸುವ ಪುಟ್ಟ ಮಶೀನು ಅವ್ವನ ಬಳಿ ಇತ್ತು. ತೊಂಬತ್ತರ ಕೆಳಗಿಳಿದರೆ ಅಪಾಯವೆಂದು ಇಡೀ ಊರಿಗೆ ಹೇಳಿಕೊಟ್ಟವಳೂ ಅವಳೇ.

"ತೊಂಬತ್ತಾರು ಐತ್ರಿ. ಅಂಜಬ್ಯಾಡ್ರಿ."

ಅಪ್ಪ ಮತ್ತೆ ಮತ್ತೆ ಕೇಳಿದ. ಕೇಳಿದಾಗಲೆಲ್ಲ ತೊಂಬತ್ತಾರೇ.

ಮಧ್ಯಾಹ್ನ ಅಕ್ಕ ಹೊರಗಿನಿಂದ ಕಿಟಕಿಯಲ್ಲಿ ಇಣುಕಿದವಳೇ ಚೀರಿದಳು. "ಅಪ್ಪಾ, ಅವ್ವ ಸುಳ್ಳ ಹೇಳಾಕತ್ತಾಳ! ಮಶೀನ್ ಮೂಲ್ಯಾಗ ಬಿದ್ದೈತಿ!"

ಅಪ್ಪ ಕಿಟಕಿಗೆ ಓಡಿದ. "ನನ್ನ ಮುಂದ ಹಾಕ್ಕೋ" ಎಂದು ಗದರಿಸಿದ. ಎಂಬತ್ತಕ್ಕಿಂತ ಕಡಿಮೆ ಇತ್ತು. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಫೋನ್ ಮಾಡಿದ ಮೇಲೆ ಆಂಬುಲೆನ್ಸ್ ಬಂತು. ಅಡಿಯಿಂದ ಮುಡಿಯವರೆಗೆ ಬಿಳಿ ಉಡುಪು ತೊಟ್ಟು ಬಂದವರಲ್ಲಿ ಒಬ್ಬಾಕೆ ಅವ್ವನ ಜೊತೆ ಕೆಲಸ ಮಾಡುವ ನರ್ಸ್. ದನಿಯಿಂದ ಗುರುತು ಹಿಡಿದೆ.

"ಮೊದಲ ಯಾಕ ಹೇಳಲಿಲ್ರಿ ಸಿಸ್ಟರ್?"

"ದವಾಖಾನ್ಯಾಗ ಹಾಸಿಗಿ ಎಲ್ಲಾ ತುಂಬ್ಯಾವು. ಹೇಳಿದ್ರ ಯಾರನ್ನರ ಇಳಿಸಿ ನನಗ ಕೊಡ್ತಿದ್ರಿ" ಎಂದಳು ಅವ್ವ.

ಆಕೆ ಅವ್ವನನ್ನು ಗಾಡಿಗೆ ಹತ್ತಿಸಿದಳು. ನಾನು ಅವ್ವನ ಹತ್ತಿರ ಓಡಲು ಕೊಸರಾಡಿದೆ. ಅಪ್ಪ ನನ್ನ ರಟ್ಟೆ ಬಿಡಲಿಲ್ಲ. ಗಾಡಿ ಹುಬ್ಬಳ್ಳಿಯ ಕಡೆ ಹೊರಟಿತು. ಅವ್ವ ಅಲ್ಲಿಂದ ಮರಳಿ ಬರಲಿಲ್ಲ.

ನಿಮಗೆ ತುಸು ಮೈ ಬೆಚ್ಚಗಾದರೂ ಮನೆಮಂದಿಯೆಲ್ಲ ಹಾಸಿಗೆಯ ಸುತ್ತ ಸೇರುತ್ತೇವೆ. ಒಬ್ಬರು ಹಣೆ ಮುಟ್ಟಿ ನೋಡುತ್ತಾರೆ, ಇನ್ನೊಬ್ಬರು ಕಾಲು ಒತ್ತುತ್ತಾರೆ. ನಾನಂತೂ ನಿಮ್ಮ ಕೈ ಹಿಡಿದು ಕೂತರೆ ಏಳುವುದೇ ಇಲ್ಲ. "ಸಾಕು ಬಿಡ ಅಜ್ಜಾ, ಕೈ ಬೆವತೈತಿ" ಎಂದು ರೇಗುತ್ತೀರಿ. ರೇಗಿರಿ ಮಕ್ಕಳೇ. ನಮ್ಮ ಅವ್ವ ಹೋಗುವಾಗ ಅವಳ ಕೈ ಹಿಡಿಯಲು ನಮ್ಮನ್ನು ಯಾರೂ ಬಿಡಲಿಲ್ಲ.