ಮೇನ್ ಸ್ವಿಚ್ ಇಳಿಸಿದವರು

ಎಂಬತ್ತರ ದಶಕದ ಕೊನೆಯಲ್ಲಿ ಮಣಿಪಾಲದ ನಮ್ಮ ನೆರೆಮನೆಯಲ್ಲಿದ್ದ ಗಣಿತದ ಮಾಸ್ಟ್ರು ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರಗಳನ್ನು ಚುಕ್ಕಿ ಚುಕ್ಕಿಯಾಗಿ ಕೂರಿಸುತ್ತಿದ್ದರು. ಅವುಗಳ ನಕಲು ಇಟ್ಟಿದ್ದ ಫ್ಲಾಪಿಗಳಿಗೆ ಮಳೆಗಾಲದಲ್ಲಿ ಬೂಷ್ಟು ಹಿಡಿದಿತ್ತು. ವರ್ಷಗಳ ಕೆಲಸ ಉಳಿದದ್ದು ಯಂತ್ರದೊಳಗೆ ಮಾತ್ರ. ಆದರೂ, ಇನ್ನೂ ಬಿಡುಗಡೆಯಾಗದ ಆಪರೇಟಿಂಗ್ ಸಿಸ್ಟಮ್ಮಿನ ಪರೀಕ್ಷಾ ಆವೃತ್ತಿ ಸಿಕ್ಕಿದಾಗ, ಅದರಲ್ಲಿ ಅಕ್ಷರಗಳು ಬೇಗ ಮೂಡಬಹುದೆಂದು ಅದನ್ನು ಅದೇ ಯಂತ್ರಕ್ಕೆ ಹಾಕಲು ಕೂತರು.

"ಊರಿಗೇ ಬಾರದ್ದು ನಿಮಗೆ ಎಂತಕ್ಕೆ?" ಎಂದರು ಅವರ ಹೆಂಡತಿ.

"ನೋಡುವ, ಎಂತ ಆಗ್ತದೆ ಅಂತ." ಕನ್ನಡಕವನ್ನು ಹಣೆಗೇರಿಸಿ ಅವರು ಯಾವಾಗಲೂ ಹೇಳುತ್ತಿದ್ದ ಮಾತು ಅದು.

ಮುಗಿಯುವ ಮೊದಲು ಯಂತ್ರ ಆರಿಸಿದರೆ ಒಳಗಿದ್ದದ್ದೆಲ್ಲ ಅಳಿಸಿಹೋಗಬಹುದೆಂದು ಪರದೆ ಎಚ್ಚರಿಸುತ್ತಿತ್ತು. ಆಗತಾನೇ ಒರೆಸಿದ ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತಿದ್ದ ನಾನು ಇಣುಕಲೆಂದು ಕಂಪ್ಯೂಟರಿನ ಕಬ್ಬಿಣದ ಪೆಟ್ಟಿಗೆಯ ಮೇಲೆ ಕೈಯಿಟ್ಟೆ. ಕೈ ಅಲ್ಲೇ ಕಚ್ಚಿಕೊಂಡಿತು. ಕೂಗಲು ಸ್ವರ ಬರಲಿಲ್ಲ. ಈಗಲೂ ಕನಸಿನಲ್ಲಿ ಕೂಗಹೋದರೆ ಸ್ವರ ಬರುವುದಿಲ್ಲ. ಅವರು ನನ್ನ ಮುಖ ನೋಡಿದವರೇ ಹಾರಿ ಮೇನ್ ಸ್ವಿಚ್ ಇಳಿಸಿದರು.

"ಅಯ್ಯೋ, ನಿಮ್ಮ ಅಕ್ಷರಗಳು!" ಕೈ ಬಿಡುತ್ತಲೇ ನಾನು ಕೂಗಿದೆ.

"ಅದು ಸಾಯಲಿ. ಬೆರಳು ಆಡಿಸು ಮಾರಾಯ, ಒಂದೊಂದೇ."

ಅಕ್ಷರಗಳೆಲ್ಲ ಅಳಿಸಿಹೋದದ್ದು ಅವರಿಗೆ ಗೊತ್ತಾದದ್ದು ಮರುದಿನ. ಬೇಸಿಗೆಗೆ ಕೆಂಪು ಮುರಕಲ್ಲಿನ ನೆಲ ಒಣಗಿ, ಸೋರಿದ ಕರೆಂಟನ್ನು ಮಣ್ಣಿಗಿಳಿಸುವ ಅರ್ತಿಂಗ್ ಕೆಟ್ಟಿತ್ತು. ನನಗೆ ಶಾಕ್ ಹೊಡೆದ ಆ ಸಂಜೆಯಿಡೀ ಅವರು ಬಾವಿಯಿಂದ ಸೇದಿ ಸೇದಿ ಅರ್ತಿಂಗ್ ಗುಂಡಿಗೆ ನೀರು ಹೊಯ್ಯುತ್ತಿದ್ದರು.