ಬೆನ್ನು ಮಾಡಿ ಕುಳಿತ ಗಾರ್ಡ್ ಸಾಹೇಬರು

ಗಾರ್ಡ್ ಸಾಹೇಬರ ಬಲಗೈಯ ಮೂರು ಬೆರಳಿಗೆ ತಗಡಿನ ಉಗುರುಗಳಿದ್ದವು. ಪೌಡರ್ ಡಬ್ಬಿಯ ತಗಡನ್ನು ಕತ್ತರಿಸಿ, ಅಂಚನ್ನು ಕಲ್ಲಿಗೆ ಉಜ್ಜಿ, ಬೆರಳ ತುದಿಗೆ ಸುತ್ತಿ ತಾವೇ ಮಾಡಿಕೊಂಡಿದ್ದು. ಬ್ಯಾಂಜೊ ತಂತಿ ಮೀಟುವುದಕ್ಕೆ. ಬಾರಿಸಿ ಮುಗಿದ ಮೇಲೂ ಎಷ್ಟೋ ಸಲ ಅವನ್ನು ತೆಗೆಯಲು ಮರೆತು ಹಾಗೇ ಚಾ ಕುಡಿಯುತ್ತಿದ್ದರು. ಗ್ಲಾಸಿಗೆ ತಗಡು ತಾಗಿ ಟಿಣ್ ಟಿಣ್ ಅನ್ನುತ್ತಿತ್ತು. ಒಮ್ಮೆ ಕೆನ್ನೆ ಕೆರೆದುಕೊಂಡು ಗೀರು ಮಾಡಿಕೊಂಡಾಗ ಅವರ ಹೆಂಡತಿ, ನಾವೆಲ್ಲ ಆಂಟಿ ಎನ್ನುತ್ತಿದ್ದವರು, "ಬೆಕ್ಕು ಸಾಕೋದು ಬ್ಯಾಡ ಅಂದ್ರಿ. ಈಗ ನೀವೇ ಬೆಕ್ಕು ಆಗೀರಿ" ಎಂದಿದ್ದರು.

ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು ಅವರು. ಅಜ್ಜನ ಕಾಲದಿಂದ ರೈಲ್ವೆಯನ್ನೇ ನಂಬಿದ್ದ ಆಂಗ್ಲೋ ಇಂಡಿಯನ್ ಮನೆತನ. ಮನೆಯೊಳಗೆ ಇಂಗ್ಲಿಷು, ಗುಂತಕಲ್ಲಿನಲ್ಲಿ ಕಲಿತ ತೆಲುಗು, ಪ್ಲಾಟ್‌ಫಾರ್ಮಿನ ಉರ್ದು, ಇವೆಲ್ಲದರ ಮೇಲೆ ಬಳ್ಳಾರಿಯ ಕನ್ನಡ. ಕಂಟೋನ್ಮೆಂಟಿನಲ್ಲಿ ಹಂಚು ಹೊದಿಸಿದ ಅವರ ಪುಟ್ಟ ಮನೆ. ಅದರ ಹಿಂದಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ.

ನಮ್ಮ ಮನೆತನದಲ್ಲಿ ಮೊದಲು ಪದವಿ ಪಡೆದವಳು ನಾನು. ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಬಿಟ್ಟಿ ಸಿಕ್ಕಿದ್ದಲ್ಲ ಅದು. ಕುರುಗೋಡಿನ ಹತ್ತಿರದ ನಮ್ಮೂರಿನಿಂದ ಕಾಲೇಜಿಗೆಂದು ಬಳ್ಳಾರಿಗೆ ಬಂದಾಗ, ಕೋಣೆ ಕೇಳಿದ ಮನೆಗಳಲ್ಲೆಲ್ಲ ಮೊದಲ ಪ್ರಶ್ನೆ "ನೀವು ಯಾವ ಮಂದಿ?" ಎಂಬುದೇ. ಉತ್ತರ ಕೇಳಿದ ಮೇಲೆ ಕೋಣೆ ಖಾಲಿ ಇರುತ್ತಿರಲಿಲ್ಲ. ಗಾರ್ಡ್ ಸಾಹೇಬರು ಕೇಳಿದ್ದು ಬೇರೆ.

"ಮುಂಜಾನಿ ಎಷ್ಟೊತ್ತಿಗೆ ಏಳ್ತೀಯಮ್ಮ? ನಾ ಐದಕ್ಕ ಎದ್ದು ಬ್ಯಾಂಜೊ ಬಾರಿಸ್ತೀನಿ. ಬೈಬಾರದು."

"ನಾನೂ ಐದಕ್ಕ ಏಳ್ತೀನ್ರಿ. ಓದಾಕ."

"ಹಂಗಾರ ಚಾಲು ಮಾಡು, ಡಿಗ್ರಿ ಮೇಡಂ!" ಎಂದು ಬೀಗದ ಕೈ ಕೊಟ್ಟರು. ಡಿಗ್ರಿ ಮುಗಿಯಲು ಇನ್ನೂ ಮೂರು ವರ್ಷ ಇತ್ತು. ಆವತ್ತಿನಿಂದ ಕೊನೆಯವರೆಗೂ ನಾನು ಅವರಿಗೆ ಡಿಗ್ರಿ ಮೇಡಮ್ಮೇ.

ತಿಂಗಳ ಎರಡನೇ ಶನಿವಾರ ಸಂಜೆ ಅವರ ವರಾಂಡದಲ್ಲಿ ಹಾಡು. ಮೊದಮೊದಲು ಅವರದೇ ನಾಲ್ವರ ಬ್ಯಾಂಡು: ಅವರ ಬ್ಯಾಂಜೊ, ಚರ್ಚಿನಲ್ಲಿ ಪಿಟೀಲು ನುಡಿಸುವವರೊಬ್ಬರು, ಗಿಟಾರಿನ ಒಬ್ಬ ಎಲೆಕ್ಟ್ರಿಷಿಯನ್, ಮ್ಯಾಂಡೊಲಿನ್ ಹಿಡಿದ ಒಬ್ಬ ಬ್ಯಾಂಕ್ ಗುಮಾಸ್ತ. ಇದ್ದದ್ದು ಒಂದೇ ಮೈಕು. ಅದನ್ನು ನಡುವೆ ನಿಲ್ಲಿಸಿಕೊಂಡು ನಾಲ್ವರೂ ಸುತ್ತ ನಿಲ್ಲುವರು. ಬ್ಯಾಂಜೊ ಮುಂದೆ ಬಂದರೆ ಪಿಟೀಲು ಹಿಂದೆ ಸರಿಯುವುದು, ಪಿಟೀಲು ಮುಂದೆ ಬಂದರೆ ಬ್ಯಾಂಜೊ ದಾರಿ ಬಿಡುವುದು. ಒಬ್ಬರಿಗೊಬ್ಬರು ಡಿಕ್ಕಿ ಹೊಡೆದದ್ದನ್ನು ನಾನು ಕಂಡಿಲ್ಲ. ಹಾಡು ಶುರುವಾಗಬೇಕಾದರೆ ಸಾಹೇಬರು ಹಸಿರು ಬಾವುಟ ಬೀಸುತ್ತಿದ್ದರು. ಯಾರಾದರೂ ಎದ್ದು ಭಾಷಣ ತೆಗೆದರೆ ಕೆಂಪು ಬಾವುಟ! ಹಾರ, ಶಾಲು, ಸ್ವಾಗತ, ವಂದನಾರ್ಪಣೆ ಯಾವುದಕ್ಕೂ ಅಲ್ಲಿ ಸಿಗ್ನಲ್ ಇರಲಿಲ್ಲ.

"ಇಂಜಿನ್ ಇದ್ರ ರೈಲು ಹೋಗ್ತದ ಅಂತ ತಿಳ್ಕಂಡಾರ ಮಂದಿ," ಎನ್ನುತ್ತಿದ್ದರು. "ಹಿಂದಿನ ಡಬ್ಬಿಯಾಗ ಇದ್ದಾವ ಹಸಿರು ತೋರಿಸ್ಲಿಲ್ಲ ಅಂದ್ರ ಇಂಜಿನ್ ಅಲ್ಲೇ ನಿಂತು ಹೊಗಿ ಬಿಡಬೇಕು, ತಿಳೀತಾ?"

ನಮ್ಮವ್ವ ಸಿರುಗುಪ್ಪದ ಕಡೆ ಭತ್ತದ ನಾಟಿಗೆ ಹೋಗುವ ಹೆಣ್ಣಾಳುಗಳ ಮುಂದಾಳು. ನಾಟಿಯ ಗುಂಪಿನ ಐವರು ಸೇರಿ ಒಂದು ಭಜನೆ ಮೇಳ ಕಟ್ಟಿಕೊಂಡಿದ್ದರು. ಅವ್ವನ ಕೈಯಲ್ಲಿ ತಟ್ಟುವ ದಮ್ಮಡಿ, ಇನ್ನೊಬ್ಬಳಿಗೆ ಹಾರ್ಮೋನಿಯಂ, ಉಳಿದವರಿಗೆ ತಾಳ, ಏಕತಾರಿ. ಒಂದು ಶನಿವಾರ ಅವ್ವ ನನ್ನನ್ನು ನೋಡಲು ಬಂದಿದ್ದಳು. ಗಂಟು ಇಳಿಸದೆ ಅಂಗಳದಲ್ಲೇ ನಿಂತು, ಮೈಕಿನ ಸುತ್ತ ಹಿಂದೆ ಮುಂದೆ ಸರಿಯುವ ಆ ನಾಲ್ವರನ್ನು ಹಾಡು ಮುಗಿಯುವವರೆಗೂ ನೋಡಿದಳು.

"ಅಣ್ಣಾರ, ಇದು ಯಾವ ಹಾಡ್ರಿ?"

"ಬ್ಲೂಗ್ರಾಸ್ ಅಂತಾರಮ್ಮ. ಅಮೆರಿಕದ ಗುಡ್ಡದ ಮಂದಿ ಹಾಡು."

"ಏನೈತ್ರಿ ಇದರಾಗ?"

"ಏನಿರ್ತದ? ಗಣಿಯಾಗ ದುಡಿಯೋದು. ರೈಲು ಹತ್ತಿದಾವ ತಿರುಗಿ ಬರದಿರೋದು. ತಾಯಿ ಸತ್ತದ್ದು. ದೇವರು ಕರೆಯೋದು. ಅಷ್ಟೇ."

"ಹಂಗಾರ ನಮ್ಮದ ಬಿಡ್ರಿ," ಎಂದಳು ಅವ್ವ. "ಸಂಡೂರು ಕಡಿ ಗಣಿ ಮಂದಿ ಹಾಡಿದಂಗ ಐತಿ."

ಸಾಹೇಬರು ಬಾಗಿ ಬಾಗಿ ನಕ್ಕರು. ಮುಂದಿನ ತಿಂಗಳು ಅವ್ವನ ಮೇಳ ವರಾಂಡದಲ್ಲಿ ಕೂತಿತ್ತು. ಆಮೇಲೆ ಕೊಳಗಲ್ಲಿನ ತತ್ವಪದದವರು ಬಂದರು, ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಶಿಫ್ಟು ಮುಗಿಸಿದವರು ಬಂದರು. ಅದೇ ಒಂದು ಮೈಕು, ಅದರ ಸುತ್ತ ಮೊಣಕಾಲಿಗೆ ಮೊಣಕಾಲು ತಾಗಿಸಿ ದುಂಡಗೆ ಕೂತು ಹಾಡು. ಕೇಳುವವರು ಅಂಗಳದಲ್ಲಿ, ಕಾಂಪೌಂಡಿನ ಮೇಲೆ. ಮಳೆ ಬಂದರೆ ರಸ್ತೆಯಲ್ಲಿ ಕೊಡೆಗಳ ಸಾಲು. ನಿಲ್ಲಿಸಿದ ಸ್ಕೂಟರುಗಳಿಂದ ದಾರಿ ಕಟ್ಟಿತೆಂದು ನೆರೆಯವರ ತಕರಾರು ಶುರುವಾಯಿತು.

ಆಗ ಊರಿನ ಒಂದು ಸಾಂಸ್ಕೃತಿಕ ಸಂಘದ ಕಾರ್ಯದರ್ಶಿ ಬಂದರು. ಅವರ ಹತ್ತಿರ ಫ್ಯಾನು, ಪರದೆ, ಮೆತ್ತನೆಯ ಕುರ್ಚಿಗಳಿದ್ದ ಸಭಾಭವನವಿತ್ತು. "ಒಂದು ಶನಿವಾರ ನಮ್ಮಲ್ಲಿ ಮಾಡಿ ನೋಡೋಣ. ಚೆನ್ನಾಗಿ ನಡೆದರೆ ಪ್ರತಿ ತಿಂಗಳು ಭವನ ನಿಮ್ಮದೇ" ಎಂದರು. ಸಾಹೇಬರು ಚಿಕ್ಕ ಹುಡುಗನಂತೆ ಕುಣಿದಾಡಿದರು. ಅವ್ವ ಮೂರು ವಾರ ಗದ್ದೆಯಲ್ಲೇ ಹಾಡು ತಿದ್ದಿದಳು. ಬಳ್ಳಾರಿಯ ಭವನದಲ್ಲಿ ನಾಟಿ ಹೆಂಗಸರು ಹಾಡುವುದೆಂದರೆ ಅವಳ ಪಾಲಿಗೆ ಸಣ್ಣ ಮಾತಾಗಿರಲಿಲ್ಲ.

ಅಲ್ಲಿ ಎಲ್ಲ ಅಚ್ಚುಕಟ್ಟು. ವೇದಿಕೆಯ ಮೇಲೆ ಸಭೆಗೆ ಮುಖ ಮಾಡಿ ಒಂದೇ ಸಾಲಿನಲ್ಲಿ ಐವರನ್ನು ಕೂರಿಸಿ, ಒಬ್ಬೊಬ್ಬರ ಮುಂದೆ ಒಂದೊಂದು ಮೈಕಿಟ್ಟರು. ನಮಗೆ ಯಾರಿಗೂ ಏನೂ ಅನ್ನಿಸಲಿಲ್ಲ. ದೊಡ್ಡ ಜಾಗದಲ್ಲಿ ಹೀಗೇ ಇರಬೇಕೆಂದು ಸಾಹೇಬರೂ ತಲೆಯಾಡಿಸಿದರು. ಮೊದಲ ಸಾಲಿನಲ್ಲಿ ಮುಖ್ಯ ಅತಿಥಿ, ಅವರ ಎಡಬಲಕ್ಕೆ ಊರಿನ ಗಣ್ಯರು.

ಪಲ್ಲವಿ ಸರಿಯಾಗಿಯೇ ಎದ್ದಿತು. ಎರಡನೇ ನುಡಿಗೆ ಬಂದಾಗ ಅವ್ವ ತನ್ನ ರೂಢಿಯಂತೆ ಸಾಲನ್ನು ಎಳೆದು ಹಿಡಿದಳು. ವರಾಂಡದಲ್ಲಾದರೆ ಅವಳು ಗದ್ದ ಎತ್ತುವವರೆಗೂ ಉಳಿದವರು ಉಸಿರು ಹಿಡಿದು ಕಾಯುತ್ತಿದ್ದರು. ಇಲ್ಲಿ ಅವಳು ಸಾಲಿನ ಈ ತುದಿಗೆ, ಹಾರ್ಮೋನಿಯಂ ಆ ತುದಿಗೆ. ಗದ್ದ ಯಾರಿಗೂ ಕಾಣಲಿಲ್ಲ. ಇಬ್ಬರು ಮೊದಲೇ ದನಿ ಕೊಟ್ಟರು, ಹಾರ್ಮೋನಿಯಂ ತನ್ನ ಪಾಡಿಗೆ ಮುಂದೆ ಹೋಯಿತು, ತಾಳದವಳು ಗಾಬರಿಯಾಗಿ ನಿಲ್ಲಿಸಿದಳು. ಹಾಡು ನಡುವೆಯೇ ಬಿದ್ದುಹೋಯಿತು. ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು.

ನಿರೂಪಕ ಥಟ್ಟನೆ ಮೈಕಿಗೆ ಬಂದ. "ನಮ್ಮ ಗ್ರಾಮೀಣ ಪ್ರತಿಭೆಗಳ ಈ ಪ್ರಾಮಾಣಿಕ ಪ್ರಯತ್ನಕ್ಕೆ ಒಂದು ಜೋರಾದ ಚಪ್ಪಾಳೆ!"

ಚಪ್ಪಾಳೆ ಬಿತ್ತು. ಆ ನಗೆಯನ್ನು ಸಹಿಸಬಹುದಿತ್ತು, ಆ ಚಪ್ಪಾಳೆಯನ್ನು ಸಹಿಸುವುದು ಕಷ್ಟವಾಯಿತು. ಅವ್ವ ದಮ್ಮಡಿಯನ್ನು ಸೆರಗಿನಡಿ ಎಳೆದುಕೊಂಡು ಏಳಲು ನೆಲಕ್ಕೆ ಕೈ ಊರಿದಳು.

"ಏ, ತಡೀರಿ ನಿಮ್ಮ ಚಪ್ಪಾಳಿ. ಹಾಡು ಇನ್ನಾ ಮುಗಿದಿಲ್ಲ."

ಗಾರ್ಡ್ ಸಾಹೇಬರು. ಪರದೆಯ ಪಕ್ಕದಲ್ಲಿ ಬೂಟು ಕಳಚಿಟ್ಟು, ಬ್ಯಾಂಜೊ ಹೆಗಲಿಗೆ ಹಾಕಿಕೊಂಡು ವೇದಿಕೆಯ ನಡುವೆ ಬಂದರು.

"ಅಮ್ಮಾ, ನಮ್ಮ ವರಾಂಡದಾಗ ಹೆಂಗ ಕುಂದರ್ತೀರಿ, ಹಂಗ ಕುಂದರ್ರಿ."

ಅವ್ವನ ದನಿ ಇಳಿದಿತ್ತು. "ಅಣ್ಣಾರ, ಮುಂದ ದೊಡ್ಡೋರು ಕುಂತಾರ. ಅವರಿಗೆ ಬೆನ್ನು ಮಾಡಾದು ಹೆಂಗ್ರಿ?"

"ನಾ ಮೊದಲು ಮಾಡ್ತೀನಿ. ಬೈದ್ರ ನನಗ ಬೈತಾರ."

ಹೀಗೆಂದವರೇ ಮುಖ್ಯ ಅತಿಥಿಯ ನೇರಕ್ಕೆ ಬೆನ್ನು ಮಾಡಿ ನೆಲದ ಮೇಲೆ ಕೂತುಬಿಟ್ಟರು. ಬಗ್ಗದ ಮೊಣಕಾಲನ್ನು ಕೈಯಿಂದ ಹಿಡಿದು ಮಡಿಸಿಕೊಂಡರು. ಬೆವರಿನಿಂದ ಬೆನ್ನಿಗೆ ಅಂಟಿದ ಅಂಗಿ ಇಡೀ ಸಭೆಗೆ ಕಾಣುತ್ತಿತ್ತು.

ತಾಳದವಳು ಪಿಸುಗುಟ್ಟಿದಳು: "ಗಾರ್ಡಣ್ಣಾರು ಕುಂತರವ್ವ. ಇನ್ನ ಎಬ್ಬಸಾಕ ಕ್ರೇನ್ ತರಸಬೇಕು."

ಎಲ್ಲ ಮೈಕುಗಳಲ್ಲೂ ಅದು ಕೇಳಿಸಿತು. ಅವ್ವನಿಗೇ ನಗು ತಡೆಯಲಿಲ್ಲ. ನಗುತ್ತಲೇ ಐವರೂ ಸರಿದು ದುಂಡಗೆ ಕೂತರು.

ಕಾರ್ಯದರ್ಶಿ ಓಡಿ ಬಂದರು. "ಏನ್ರೀ ಇದು? ಮುಖ್ಯ ಅತಿಥಿಗಳಿಗೆ ಬೆನ್ನು ತೋರಿಸ್ತೀರಾ? ಸ್ವಲ್ಪನಾದ್ರೂ ಸಭ್ಯತೆ ಬೇಡ್ವಾ?"

ಸಾಹೇಬರು ಕತ್ತನ್ನೂ ಹೊರಳಿಸಲಿಲ್ಲ. "ಬೆನ್ನು ಮಾಡಿ ಕುಂತ್ರೂ ಹಾಡು ಕೇಳಿಸ್ತದ ಸಾರ್. ಕೇಳಾಕ ಬಂದೋರಿಗೆ."

ಕಾರ್ಯದರ್ಶಿ ಕೈ ಬೀಸಿದರು, ಮೈಕುಗಳೆಲ್ಲ ಸತ್ತವು. "ಪರವಾಲೇದು," ಎಂದರು ಸಾಹೇಬರು, ತೆಲುಗಿನಲ್ಲಿ, ಚಿಂತೆಯಿಲ್ಲ ಎಂಬಂತೆ. ಅವ್ವ ದಮ್ಮಡಿ ತಟ್ಟಿ ಮತ್ತೆ ಮೊದಲಿನಿಂದ ಎತ್ತಿಕೊಂಡಳು. ಎರಡನೇ ನುಡಿಯಲ್ಲಿ ಸಾಲನ್ನು ಎಳೆದಳು, ಎಳೆದಳು, ಇನ್ನೂ ಎಳೆದಳು. ಬೇಕೆಂತಲೇ ಎಳೆದಳೆಂದು ನನಗೆ ಗೊತ್ತು. ಆಮೇಲೆ ಗದ್ದ ಎತ್ತಿದಳು. ನಾಲ್ಕು ದನಿ ಒಟ್ಟಿಗೆ ಬಂದು ಬಿದ್ದವು. ಸಾಹೇಬರ ತಗಡಿನ ಉಗುರುಗಳು ಕೆಳಗಿನಿಂದ ಸಣ್ಣಗೆ ಓಡುತ್ತಿದ್ದವು.

ಮುಖ್ಯ ಅತಿಥಿ ಗಡಿಯಾರ ನೋಡಿ ಎದ್ದುಹೋದರು. ಅವರ ಹಿಂದೆ ಮೊದಲ ಸಾಲು ಖಾಲಿಯಾಯಿತು. ಮೈಕಿಲ್ಲದ ಹಾಡು ಕೇಳಿಸದೆ ಹಿಂದಿದ್ದವರು ಒಬ್ಬೊಬ್ಬರಾಗಿ ಎದ್ದು ಬಂದು ಆ ಕುರ್ಚಿಗಳಲ್ಲಿ ಕೂತರು. ಹಾಡು ಮುಗಿದಾಗ ಚಪ್ಪಾಳೆ ತಟ್ಟಿ ಎಂದು ಯಾರೂ ಹೇಳಬೇಕಾಗಲಿಲ್ಲ.

ಮರುದಿನ ಬೆಳಗ್ಗೆ ಕಾರ್ಯದರ್ಶಿ ಮನೆಗೆ ಬಂದರು. ಬೈಯಲಿಲ್ಲ. "ಅತಿಥಿಗಳ ಮುಂದೆ ಬಂದು ತಪ್ಪಾಯ್ತು ಅಂತ ಒಂದು ಮಾತು ಹೇಳಿ, ಸಾಕು. ಭವನದ ವಿಷಯ ನಾನು ನೋಡಿಕೊಳ್ತೀನಿ" ಎಂದರು.

"ತಪ್ಪು ಆಗೈತಿ," ಎಂದರು ಸಾಹೇಬರು. ಕಾರ್ಯದರ್ಶಿಯ ಮುಖ ಅರಳಿತು. "ಅವರನ್ನ ಸಾಲಾಗಿ ಕುಂದರಿಸಾಕ ನಾ ಒಪ್ಪಿದ್ದು ತಪ್ಪು. ಅದನ್ನ ಆ ಹೆಣ್ಮಕ್ಕಳ ಮುಂದ ನಿನ್ನೆನೇ ಹೇಳೀನಿ. ಚಾ ಕುಡೀರಿ ಸಾರ್, ಆರ್ತದ."

ಭವನ ಹೋಯಿತು. ಹಾಡು ವರಾಂಡಕ್ಕೆ ಮರಳಿತು. ಸ್ಕೂಟರುಗಳನ್ನು ದೂರದ ಮೈದಾನದಲ್ಲಿ ನಿಲ್ಲಿಸಿ ಬರಬೇಕೆಂದು ಸಾಹೇಬರು ಕಟ್ಟಪ್ಪಣೆ ಮಾಡಿದರು, ನೆರೆಯವರು ಸುಮ್ಮನಾದರು. ಅವ್ವನ ಮೇಳ ಹಾಡುವಾಗ ಆ ದುಂಡಿನಲ್ಲಿ ಗೇಟಿಗೆ ಬೆನ್ನು ಮಾಡಿದ ಒಂದು ಜಾಗ ಅಂದಿನಿಂದ ಅವರದಾಯಿತು.

ನಾನು ಓದು ಮುಗಿಸಿ ಈಗ ಸಿರುಗುಪ್ಪದ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. "ಹಳ್ಳಿಯಿಂದ ಬಂದು ಇಷ್ಟಾದರೂ ಮಾಡಿದ್ದೀಯಲ್ಲ" ಎಂದು ಹೊಗಳುವವರು ಈಗಲೂ ಸಿಗುತ್ತಾರೆ. ನಿರೂಪಕ ಹೊಡೆಸಿದ ಚಪ್ಪಾಳೆಯದೇ ಸದ್ದು ಅದು. 'ಇಷ್ಟಾದರೂ' ಏಕೆಂದು ನಾನು ಅಲ್ಲೇ ಕೇಳುತ್ತೇನೆ. ಕೆಲವರಿಗೆ ನಾನು ಒರಟು ಹೆಣ್ಣು. ಆಗಲಿ. ನನಗೆ ಪದವಿ ಕೊಟ್ಟದ್ದು ಕಾಲೇಜು. ಆ ಪದವಿಯನ್ನು ತಲೆ ತಗ್ಗಿಸಿ ಹೊರಬೇಕಾಗಿಲ್ಲ ಎಂದು ಕಲಿಸಿದ್ದು ವೇದಿಕೆಯ ಮೇಲೆ ಕಂಡ ಬೆವರಿನ ಬೆನ್ನು.

ಹೋದ ಚಳಿಗಾಲದಲ್ಲಿ ಸಾಹೇಬರ ಎದೆ ಕಟ್ಟಿತು. ಆಸ್ಪತ್ರೆಯಲ್ಲಿ ಮಾತು ನಿಂತ ಮೇಲೂ ಬಲಗೈಯ ಮೂರು ಬೆರಳು ಹೊದಿಕೆಯ ಮೇಲೆ ಆಡುತ್ತಿದ್ದವು. ಅವೂ ನಿಂತವು. ಕಂಟೋನ್ಮೆಂಟಿನ ಸ್ಮಶಾನದಲ್ಲಿ ಮಣ್ಣು ಮಾಡಿದೆವು. ಅವ್ವ ನಾಟಿ ಬಿಟ್ಟು ಬಂದಿದ್ದಳು. ಪಾದದ ಕೆಸರು ಒಣಗಿತ್ತು.

ಅದೇ ವಾರ ಕಾರ್ಯದರ್ಶಿಯ ಫೋನು ನನಗೆ ಬಂತು. ಈ ಎರಡನೇ ಶನಿವಾರ ಭವನದಲ್ಲಿ ಸಾಹೇಬರ ಫೋಟೋ ಇಟ್ಟು ಶ್ರದ್ಧಾಂಜಲಿ. ಇನ್ನು ಮುಂದೆ ಪ್ರತಿ ತಿಂಗಳ ಹಾಡು ಅಲ್ಲೇ, ಅವರ ಹೆಸರಿನಲ್ಲೇ. "ನಿಮ್ಮ ತಾಯಿಯವರ ಮೇಳವೂ ಇರಲಿ. ಆದರೆ ಈ ಸಲ ಸಭೆಗೆ ಮುಖ ಮಾಡಿ ಕೂರಬೇಕು. ಓದಿದವರು ನೀವು, ನಿಮಗೆ ಅರ್ಥವಾಗುತ್ತೆ."

ಆಂಟಿಗೆ ವಯಸ್ಸಾಗಿತ್ತು, ವರಾಂಡದ ಹಂಚು ಸೋರುತ್ತಿತ್ತು. ಎಲ್ಲವೂ ನನಗೆ ಅರ್ಥವಾಗಿತ್ತು. "ಆಗಲ್ಲ ಸಾರ್" ಎಂದೆ.

ಪಕ್ಕದಲ್ಲೇ ಇದ್ದ ಅವ್ವ ಕೇಳಿದಳು. "ಏನಂದಿ?"

"ಆಗಲ್ಲ ಅಂದೆ."

"ಅಷ್ಟನಾ? ಗಾರ್ಡಣ್ಣ ಇದ್ದಿದ್ರ ಇನ್ನಾ ನಾಕು ಮಾತು ಕೂಡಿಸ್ತಿದ್ದರು. ಮ್ಯಾಲ ಚಾ ಬ್ಯಾರೆ."

ಆ ಶನಿವಾರ ಆಂಟಿಯೇ ವರಾಂಡ ಗುಡಿಸಿ ಜಮಖಾನೆ ಹಾಸಿದರು. ಪಿಟೀಲಿನವರು, ಗಿಟಾರು, ಮ್ಯಾಂಡೊಲಿನ್ ಮೂವರೇ ಮೈಕಿನ ಸುತ್ತ ನಿಂತು ಒಂದು ಹಾಡು ಹೇಳಿದರು. ಬ್ಯಾಂಜೊ ಮುಂದೆ ಬರಬೇಕಾದ ಕಡೆ ಮೂವರೂ ಹಿಂದೆ ಸರಿದರು, ಅಷ್ಟು ಹೊತ್ತು ಬರೀ ಗಿಟಾರಿನ ತಾಳ ನಡೆಯಿತು. ಆಮೇಲೆ ಅವ್ವನ ಮೇಳ ಕೂತಿತು. ಗೇಟಿನ ಕಡೆಯ ಜಾಗ ಖಾಲಿ ಇತ್ತು. ಅವ್ವ ನನ್ನತ್ತ ನೋಡಿದಳು.

"ಬಾ ಇಲ್ಲಿ. ಕುಂದ್ರು."

"ನನಗ ಹಾಡಾಕ ಬರಂಗಿಲ್ಲವ್ವ."

"ಅಣ್ಣಗ ನಮ್ಮ ಹಾಡು ಬರ್ತಿತ್ತೇನಲೇ? ಕುಂದ್ರು. ತಾಳ ಹಿಡಿ."

ಕೂತೆ. ಎರಡು ಕಡೆಯಿಂದಲೂ ಮೊಣಕಾಲು ತಾಗಿದವು. ಅವ್ವ ಪಲ್ಲವಿ ಎತ್ತಿಕೊಂಡಳು. ಎರಡನೇ ನುಡಿಯಲ್ಲಿ ಅವಳು ಸಾಲನ್ನು ಎಳೆದು ಹಿಡಿದಿದ್ದಾಗ ರಸ್ತೆಯಲ್ಲಿ ಕಾರು ನಿಂತ ಸದ್ದಾಯಿತು. ಬಾಗಿಲು ತೆರೆದು ಮುಚ್ಚಿತು. ಗೇಟು ಕಿರುಗುಟ್ಟಿತು, ನನ್ನ ಬೆನ್ನ ಹಿಂದೆ ಬೂಟಿನ ಹೆಜ್ಜೆಗಳು ಅಂಗಳದವರೆಗೆ ಬಂದು ನಿಂತವು. ಅಂಗಳದಲ್ಲಿದ್ದವರು ಸರಿದು ಜಾಗ ಮಾಡುತ್ತಿದ್ದುದು ಕೇಳಿಸಿತು.

ಯಾರೆಂದು ನಾನು ತಿರುಗಿ ನೋಡಲಿಲ್ಲ. ಅವ್ವನ ಗದ್ದವನ್ನೇ ನೋಡುತ್ತಿದ್ದೆ.